ಬೆಳಗ್ಗೆ ಬಿಡಿಸಿದ ಮಲ್ಲಿಗೆ ಮೊಗ್ಗಿಗೆ ಸಂಜೆ ಘಮ ಎಲ್ಲಿಂದ ಬರುತ್ತೆ?

ಪ್ರಶ್ನೆ: ಮೇಡಂ, ಹಿತ್ತಲಲ್ಲಿ ದುಂಡು ಮಲ್ಲಿಗೆ ಇದೆ. ಬೆಳಗ್ಗೆ ಬಿಡಿಸುವಾಗ ಮೊಗ್ಗಿಗೆ ವಾಸನೆಯೇ ಇರಲ್ಲ. ಕಟ್ಟಿಟ್ಟರೆ ಸಂಜೆ ಏಳರ ಹೊತ್ತಿಗೆ ಮನೆಯೆಲ್ಲ ಘಮಘಮ. ಮಾರನೇ ದಿನ ಅದೇ ದಂಡೆ ಒಂಥರಾ ನಾತ. ಗಿಡದಿಂದ ಕಿತ್ತ ಮೇಲೂ ಘಮ ಹೇಗೆ ಹುಟ್ಟುತ್ತೆ? ನೀವು ಸುಗಂಧ ತೈಲದ ಕೆಲಸದಲ್ಲಿದ್ದೀರಿ ಅಂತ ಕೇಳ್ತಿದ್ದೀನಿ.

ಉತ್ತರ: ಕಿತ್ತ ಮೊಗ್ಗಿಗೆ ಇನ್ನೂ ಜೀವ ಇರುತ್ತೆ, ಉಸಿರಾಡ್ತಾ ಇರುತ್ತೆ. ಅರಳುವ ಹೊತ್ತಿಗೆ ಎಸಳಿನೊಳಗೆ ರಾಸಾಯನಿಕ ಕೆಲಸ ನಡೆಸೋ ಕಿಣ್ವಗಳು (ಎಂಜೈಮ್) ಬೆಂಜೈಲ್ ಅಸಿಟೇಟ್, ಲಿನಲೂಲ್‌ನಂಥ ಘಮದ ಅಣುಗಳನ್ನು ಆಗಲೇ ತಯಾರಿಸ್ತವೆ. ಸಕ್ಕರೆಗೆ ಅಂಟಿಕೊಂಡು ಮೂಗಿಗೆ ಸಿಗದೆ ಕೂತಿದ್ದ ಒಂದಷ್ಟು ಅಣುಗಳನ್ನೂ ಬಿಡಿಸ್ತವೆ.

ಫ್ರಾನ್ಸಿನ ಗ್ರಾಸ್ ಊರಿನ ಅತ್ತರಿನವರು ಇದನ್ನೇ ನಂಬಿ ಕೆಲಸ ಮಾಡ್ತಿದ್ದರು. ಗಾಜಿಗೆ ಕೊಬ್ಬು ಸವರಿ, ಮೇಲೆ ಮಲ್ಲಿಗೆ ಹರಡೋರು. ಹೂವು ಸುಮಾರು ಒಂದು ದಿನ ಘಮ ಬಿಡ್ತಾ ಹೋಗುತ್ತೆ, ಕೊಬ್ಬು ಹೀರಿಕೊಳ್ಳುತ್ತೆ. ಸುಗಂಧರಾಜದ ಗುಣವೂ ಇದೇ. ಗುಲಾಬಿಗೆ ಈ ಶಕ್ತಿ ಇಲ್ಲ, ಕಿತ್ತ ಗಳಿಗೆಯಿಂದ ಕಳೆದುಕೊಳ್ಳೋದೇ ಹೆಚ್ಚು. ಅದಕ್ಕೇ ಬಲ್ಗೇರಿಯಾದ ಕಜಾನ್ಲಕ್ ಕಡೆ ಬಿಸಿಲೇರುವ ಮೊದಲೇ ಕೊಯ್ದು, ಅದೇ ದಿನ ಬಟ್ಟಿ ಇಳಿಸ್ತಾರೆ.

ಇನ್ನು ನಾತ. ಮಲ್ಲಿಗೆಯಲ್ಲಿ ಇಂಡೋಲ್ ಅನ್ನೋ ಇನ್ನೊಂದು ವಾಸನೆಯ ಅಣು ಇದೆ. ಚೂರು ಇದ್ದರೇ ಮಲ್ಲಿಗೆಗೆ ಆ ಅಮಲು. ಅದಿಲ್ಲದ ಮಲ್ಲಿಗೆ ಅತ್ತರು ನನಗೆ ಸಪ್ಪೆ. ಹೂವು ಬಾಡುವಾಗ ಬೆಂಜೈಲ್ ಅಸಿಟೇಟ್ ಬೇಗ ಹಾರಿಹೋಗುತ್ತೆ, ಇಂಡೋಲ್ ನಿಧಾನ. ಹಾಗಾಗಿ ಕೊನೆಗೆ ಅದೇ ಮೂಗಿಗೆ ಹೊಡೆಯೋದು. ಒದ್ದೆ ದಂಡೆ ಕೊಳೆತರೆ ಇನ್ನೂ ಕೆಟ್ಟದು. ನೀರು ಚಿಮುಕಿಸದೆ ಬಾಳೆ ಎಲೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ. ತಂಪಿಗೆ ಕಿಣ್ವದ ಕೆಲಸ ನಿಧಾನವಾಗುತ್ತೆ, ಮೊಗ್ಗು ಅರಳೋದು ತಡವಾಗುತ್ತೆ. ಮುಡಿಯೋಕೆ ಒಂದೆರಡು ಗಂಟೆ ಮುಂಚೆ ಹೊರಗೆ ತೆಗೆಯಿರಿ.

ಶಿರಸಿಯಿಂದ ಇನ್ನೊಬ್ಬರು: ನಮ್ಮ ವೆನಿಲಾ ಕೋಡಿಗೂ ಕೊಯ್ದಾಗ ಪರಿಮಳ ಇಲ್ಲ. ಅದೂ ಹೀಗೆಯೋ?

ಉತ್ತರ: ಹತ್ತಿರದ ಸಂಗತಿ ಸರ್. ಹಸಿ ಕೋಡಿನಲ್ಲಿ ಪರಿಮಳ ಕೊಡೋ ವೆನಿಲಿನ್ ಅಣು ಸಕ್ಕರೆಗೆ ಕಟ್ಟಿಬಿದ್ದಿರುತ್ತೆ. ಬಿಸಿನೀರಲ್ಲಿ ಅದ್ದಿ, ಕಂಬಳಿ ಸುತ್ತಿ ಬೆವರಿಸಿದಾಗ ಕೋಡಿನದೇ ಕಿಣ್ವ ಆ ಕಟ್ಟು ಬಿಚ್ಚುತ್ತೆ. ನೀರು ಕುದಿಯಬಾರದು, ಕುದಿದರೆ ಕಿಣ್ವವೇ ಕೆಡುತ್ತೆ. ಆಮೇಲೆ ತಿಂಗಳುಗಟ್ಟಲೆ ಒಣಗಿಸಿ ಹದ ಮಾಡೋ ಸಹನೆ ಬೇಕು.

ಮತ್ತೊಬ್ಬರು: ಕೊತ್ತಂಬರಿ ಸೊಪ್ಪು ಒಣಗಿಸಿಡಬಹುದಾ?

ಉತ್ತರ: ಬೇಡಮ್ಮ. ಅದರ ಘಮ ಆಲ್ಡಿಹೈಡ್ ಅನ್ನೋ ಅಣು‌ಗಳದು, ಒಣಗುವಾಗಲೇ ಹಾರಿಹೋಗುತ್ತೆ. ರುಬ್ಬಿ ಫ್ರೀಜರ್‌ನಲ್ಲಿಡಿ.