ಪ್ಯಾರಮೀಸಿಯಂ ಮೈಮೇಲಿನ ಸಿಲಿಯಾ ಬುಡದಿಂದ ಬೆಳೆಯುತ್ತದಾ, ತುದಿಯಿಂದಲಾ?

ಗದ್ದೆಬದಿ, ಗೋಣಿಕೊಪ್ಪ:
ಮಗಳು ಪಿಯುಸಿ. ಗದ್ದೆಯ ಒಣಹುಲ್ಲನ್ನು ಬಾಟಲಿ ನೀರಲ್ಲಿ ಒಂದು ವಾರ ನೆನೆಸಿಟ್ಟಿದ್ದಳು, ಮನೆಯೆಲ್ಲ ವಾಸನೆ. ಅದರ ಒಂದು ಹನಿಯನ್ನು ಕಾಲೇಜಿನ ಮೈಕ್ರೋಸ್ಕೋಪಲ್ಲಿ ನೋಡಿ ಮೊಬೈಲಲ್ಲಿ ವಿಡಿಯೋ ತಂದಳು. ಚಪ್ಪಲಿ ಆಕಾರದ ಪ್ಯಾರಮೀಸಿಯಂ, ಅಂಚಿನಲ್ಲೆಲ್ಲ ಮಿಣಮಿಣ ಅಂತ ಸಿಲಿಯಾ, ಅಂದರೆ ಕೂದಲಿನಂಥ ಸಣ್ಣ ಎಳೆಗಳು. ಇದು ನಮ್ಮ ಕೂದಲಿನ ಹಾಗೆ ಬುಡದಿಂದ ಬೆಳೆಯುತ್ತದಾ ಅಂತ ಕೇಳಿದಳು. ಪುಸ್ತಕದಲ್ಲಿ ಸಿಲಿಯಾವನ್ನು ಅಡ್ಡ ಕೊಯ್ದರೆ ಕಾಣುವ 9+2 ಚಿತ್ರ (ಸುತ್ತ 9, ನಡುವೆ 2) ಇದೆ, ಅದನ್ನು ಕಟ್ಟುವವರು ಯಾರು ಅಂತ ಮಾತ್ರ ಇಲ್ಲ.

ಮಂಜಿನೂರು, ಮಡಿಕೇರಿ:
ಬುಡದಿಂದ ಅಲ್ಲ ಅಣ್ಣ, ತುದಿಯಲ್ಲಿ. ಇಟ್ಟಿಗೆ ಅಂದರೆ ಟ್ಯೂಬುಲಿನ್ ಅನ್ನುವ ಪ್ರೋಟೀನ್. ಆಲ್ಫಾ ಒಂದು, ಬೀಟಾ ಒಂದು ಸೇರಿ ಜೋಡಿ, ಉದ್ದ ಬರೀ 8 ನ್ಯಾನೊಮೀಟರ್. ಜೋಡಿ ಮೇಲೆ ಜೋಡಿ ಕೂತು ಒಂದು ಸಾಲು, ಅಂಥ 13 ಸಾಲು ಸುತ್ತಿಕೊಂಡರೆ ಒಂದು ಕೊಳವೆ, ಅದೇ ಮೈಕ್ರೋಟ್ಯೂಬ್ಯೂಲ್. ಚಿತ್ರದಲ್ಲಿ ಸುತ್ತ ಇರುವ 9 ಇದೆಯಲ್ಲ, ಅವು ಒಂಟಿ ಕೊಳವೆ ಅಲ್ಲ, ಒಂದಕ್ಕೊಂದು ಅಂಟಿದ ಜೋಡಿ: ಎ ಪೂರ್ತಿ ಕೊಳವೆ, ಬಿ ಅದರ ಬೆನ್ನಿಗೆ ಅಂಟಿದ ಅರೆಕೊಳವೆ.

ತಾಪತ್ರಯ ಏನೆಂದರೆ, ಟ್ಯೂಬುಲಿನ್ ತಯಾರಾಗುವುದು ಕೋಶದ ಒಳಗೆ, ಕಟ್ಟಡ ಏಳುವುದು ತುದಿಯಲ್ಲಿ. ಸಾಮಾನು ಮೇಲಕ್ಕೆ ಹೋಗಲೇಬೇಕು. ಆ ಕೊಳವೆಗಳೇ ಹಳಿ. ಸಿಲಿಯಾದೊಳಗೆ ಸಾಮಾನು ಹೊರುವ ಐಎಫ್‌ಟಿ ಪ್ರೋಟೀನುಗಳು ಸಾಲಾಗಿ ಸೇರಿ ಬೋಗಿಗಳಾಗುತ್ತವೆ, ಕೈನೆಸಿನ್-2 ಅನ್ನುವ ಎಂಜಿನ್ ಅವನ್ನು ತುದಿಗೆ ಎಳೆಯುತ್ತದೆ, ವಾಪಸ್ ತರುವುದು ಡೈನೀನ್. ತಮಾಷೆ ನೋಡಿ, ಆ ವಾಪಸಿನ ಎಂಜಿನ್ ಕೂಡ ಹೋಗುವಾಗ ಸಾಮಾನಿನ ಜೊತೆ ಸುಮ್ನೆ ಕೂತು ಹೋಗುತ್ತದೆ. ಹೋಗುವ ಗಾಡಿ ಬಿ ಮೇಲೆ, ಬರುವ ಗಾಡಿ ಎ ಮೇಲೆ, ಹಾಗಾಗಿ ಡಿಕ್ಕಿ ಇಲ್ಲ. 1993ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಕ್ಲಾಮಿಡೊಮೊನಾಸ್ ಪಾಚಿಯಲ್ಲಿ ಈ ಓಡಾಟ ಕಂಡರು.

ಕಾಫಿಗಿಡ:
ಕೊಡಗಿಗೆ ಇನ್ನೂ ರೈಲು ಬಂದಿಲ್ಲ, ನಮ್ಮ ಗದ್ದೆ ಹುಳಕ್ಕೆ ಡಬಲ್ ಲೈನ್ 😀

ಲ್ಯಾಬ್ ಅಕ್ಕ, ಸೋಮವಾರಪೇಟೆ:
ಹುಳ ಅಲ್ಲ ಮಾರಾಯ, ಒಂದೇ ಕೋಶ! ಮಗಳಿಗೆ ಇದನ್ನೂ ಹೇಳಿ. ಕ್ಲಾಮಿಡೊಮೊನಾಸ್‌ಗೆ ಎರಡೇ ಬಾಲ, ರಚನೆಯಲ್ಲಿ ಸಿಲಿಯಾ ತರಹವೇ. ಎರಡನ್ನೂ ಉದುರಿಸಿದರೆ ಎರಡು ಗಂಟೆಯೊಳಗೆ ಹೆಚ್ಚುಕಮ್ಮಿ ಪೂರ್ತಿ ಬೆಳೆಯುತ್ತವೆ. ಒಂದನ್ನು ಮಾತ್ರ ತುಂಡರಿಸಿದರೆ? ಚೆನ್ನಾಗಿರುವ ಇನ್ನೊಂದು ಗಿಡ್ಡ ಆಗುತ್ತಾ ಬರುತ್ತದೆ, ತುಂಡಾದದ್ದು ಬೆಳೆಯುತ್ತಾ ಹೋಗುತ್ತದೆ, ಎರಡೂ ಸಮ ಆದ ಮೇಲೆ ಒಟ್ಟಿಗೆ ಉದ್ದ ಆಗುತ್ತವೆ. 1969ರಲ್ಲೇ ಇದನ್ನು ನೋಡಿದ್ದಾರೆ. ನನಗಂತೂ ಪುಸ್ತಕದ 9+2ಗಿಂತ ಇದೇ ಜಾಸ್ತಿ ಇಷ್ಟ.

ಗದ್ದೆಬದಿ, ಗೋಣಿಕೊಪ್ಪ:
ಅಂದರೆ ಒಂದರ ಇಟ್ಟಿಗೆ ಬಿಚ್ಚಿ ಇನ್ನೊಂದಕ್ಕೆ ಹಾಕುತ್ತದಾ ಅಕ್ಕ?

ಲ್ಯಾಬ್ ಅಕ್ಕ, ಸೋಮವಾರಪೇಟೆ:
ಹೌದು, ಬಿಚ್ಚಿದ್ದು ಕೋಶದೊಳಗೆ ಬರುತ್ತದೆ, ಅಲ್ಲಿಂದ ಎರಡಕ್ಕೂ ಹಂಚಿಕೆ. ಕ್ಲಾಮಿಡೊಮೊನಾಸ್ ಇರುವ ನೀರಿಗೆ ಕೊಲ್ಚಿಸಿನ್ ಅನ್ನುವ ವಿಷ ಹಾಕಿದರೆ ಮಾತ್ರ ತುಂಡಾದದ್ದು ಬೆಳೆಯುವುದೇ ಇಲ್ಲ. ಅದು ಟ್ಯೂಬುಲಿನ್ ಜೋಡಿಗೇ ಅಂಟಿಕೊಂಡು ಕಟ್ಟಡಕ್ಕೆ ಸೇರಲು ಬಿಡುವುದಿಲ್ಲ. ಕೊಲ್ಚಿಸಿನ್ ಎಲ್ಲಿರುತ್ತದೆ ಗೊತ್ತಾ? ಕೊಡಗಿನ ಕೈಲ್ ಮುಹೂರ್ತ ಹಬ್ಬಕ್ಕೆ ಕೋವಿಗೆ ಸಿಕ್ಕಿಸುತ್ತೇವಲ್ಲ, ಆ ತೋಕ್ ಪೂ (ಅಗ್ನಿಶಿಖೆ) ಗಿಡದಲ್ಲಿ. ಗೆಡ್ಡೆ ಭಾರೀ ವಿಷ, ಪ್ರಯೋಗ ಅಂತ ಮಗಳು ಅದನ್ನು ಅಗೆಯಲು ಹೋಗದ ಹಾಗೆ ನೋಡಿಕೊಳ್ಳಿ.