ಬಿಲ್ಲು ಬಗ್ಗಿಸಿದ ಮೇಲೂ ಪೆನೆಲೊಪಿ ನಂಬಲಿಲ್ಲವೇಕೆ?

ಪ್ರಶ್ನೆ: ಹೋಮರ್‌ನ ಗ್ರೀಕ್ ಮಹಾಕಾವ್ಯ ‘ಒಡಿಸ್ಸಿ’ಯಲ್ಲಿ, ಟ್ರಾಯ್ ಯುದ್ಧಕ್ಕೆ ಹೋಗಿ 20 ವರ್ಷಗಳ ಬಳಿಕ ತನ್ನ ರಾಜ್ಯ ಇಥಾಕಾಗೆ ಮರಳಿದ ಒಡಿಸಿಯಸ್ ತನ್ನ ಹಳೆಯ ಬಿಲ್ಲಿಗೆ ಹೆದೆಯೇರಿಸಿ, 12 ಕೊಡಲಿಗಳ ನಡುವೆ ಬಾಣ ಹಾಯಿಸಿದ. ಆದರೂ ಹೆಂಡತಿ ಪೆನೆಲೊಪಿ ದೂರವೇ ಕೂರುತ್ತಾಳೆ. ಅವನ ಗುರುತು ಹಿಡಿಯಲು ತೊಡೆಯ ಮೇಲಿನ ಹಳೆಯ ಗಾಯದ ಕಲೆ ಸಾಲದೇ?

ಉತ್ತರ 1: ಸಾಲದು. ಆ ಕಲೆ ದಾದಿ ಯೂರಿಕ್ಲಿಯಾಗೆ ಗೊತ್ತು, ಹಂದಿ ಕಾಯುವ ಯೂಮೇಯಸ್‌ಗೂ ಗೊತ್ತು. ಬಿಲ್ಲು ಬಗ್ಗಿಸಿದವನು ದೇವರೂ ಆಗಿರಬಹುದೆಂಬ ಶಂಕೆ ಅವಳದು. ಅದಕ್ಕೇ 23ನೇ ಪರ್ವದಲ್ಲಿ ಮಂಚವನ್ನು ಕೋಣೆಯ ಹೊರಗೆ ಹಾಕುವಂತೆ ದಾದಿಗೆ ಹೇಳುತ್ತಾಳೆ. ಒಡಿಸಿಯಸ್ ಸಿಡಿದೇಳುತ್ತಾನೆ: ಅದರ ಒಂದು ಕಾಲು ನೆಲದಲ್ಲಿ ಬೇರೂರಿದ ಆಲಿವ್ ಮರದ ಕಾಂಡ! ಮರದ ಸುತ್ತ ಗೋಡೆ ಕಟ್ಟಿ, ತಲೆ ಕಡಿದು, ಕಾಂಡ ಕೆತ್ತಿ, ಚಿನ್ನ, ಬೆಳ್ಳಿ, ದಂತ ಕೂರಿಸಿದವನು ಅವನೇ. ಬುಡ ಕಡಿಯದೆ ಅದು ಅಲುಗದು. ಗುಟ್ಟು ಗೊತ್ತಿದ್ದದ್ದು ದಂಪತಿಗೆ ಮತ್ತು ಒಬ್ಬ ದಾಸಿಗೆ ಮಾತ್ರ. ಆ ಸಿಟ್ಟೇ ಅವಳಿಗೆ ಬೇಕಿದ್ದ ಸಾಕ್ಷಿ. ನನ್ನ ಮಟ್ಟಿಗೆ ಇಡೀ ಕಾವ್ಯದ ಅತ್ಯಂತ ಜಾಣ ಪರೀಕ್ಷೆ ಇದು.

ಉತ್ತರ 2: ಒಡಿಸಿಯಸ್‌ನ ತಂದೆ ಲೇರ್ಟಿಸ್ ಕೂಡ ಗುರುತು ಕೇಳುತ್ತಾನೆ, 24ನೇ ಪರ್ವ. ಕಲೆ ತೋರಿಸಿದ ಮೇಲೆ ಮಗ ಬಾಲ್ಯದಲ್ಲಿ ಅಪ್ಪ ಕೊಟ್ಟ ಮರಗಳನ್ನು ಎಣಿಸುತ್ತಾನೆ: 13 ಪೇರ್, 10 ಸೇಬು, 40 ಅಂಜೂರ, 50 ಸಾಲು ದ್ರಾಕ್ಷಿ. ಮುದುಕನ ಮೊಣಕಾಲು ಕುಸಿಯುತ್ತದೆ.

ಉತ್ತರ 3: ಒಡಿಸಿಯಸ್‌ನ ಮಗ ಟೆಲಿಮಾಕಸ್‌ನದು ಬೇರೆ ಕಷ್ಟ. ಅಪ್ಪ ಹೊರಟಾಗ ಹಸುಗೂಸು, ಹಂಚಿಕೊಂಡ ನೆನಪೇ ಇಲ್ಲ. 16ನೇ ಪರ್ವದಲ್ಲಿ ಅವನು ಬರೀ ಮಾತನ್ನೇ ನಂಬಬೇಕಾಗುತ್ತದೆ.