‘ಶ್ರೀಮಂತ’, ‘ಸಾಮಂತ’, ‘ಕುಲೀನ’: ಫ್ರಾನ್ಸಿನ ಎರಡನೆಯ ವರ್ಗದವರಿಗೆ ಯಾವ ಪದ?

ಮಾನ್ಯರೇ,

ಫ್ರೆಂಚ್ ಕ್ರಾಂತಿಯ ಚಿತ್ರಪ್ರದರ್ಶನದ ಫಲಕ ಇಂದೇ ಅಚ್ಚಿಗೆ ಹೋಗಬೇಕೆಂದು ಬರೆದಿದ್ದೀರಿ. ಕ್ರಾಂತಿಗೆ ಮುಂಚಿನ ಫ್ರಾನ್ಸಿನಲ್ಲಿ ಪಾದ್ರಿಗಳು ಮೊದಲ ವರ್ಗ, ‘ನೋಬಲ್’ ಎನಿಸಿದವರು ಎರಡನೆಯ ವರ್ಗ, ಉಳಿದವರೆಲ್ಲ ಮೂರನೆಯ ವರ್ಗ; ಆ ಎರಡನೆಯವರಿಗೆ ಕನ್ನಡದಲ್ಲಿ ಯಾವ ಪದವೆಂಬ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ‘ಕುಲೀನರು’ ಎಂದು ಹಾಕಿಸಿ.

ಇತಿಹಾಸದ ಪಾಠಗಳಲ್ಲಿ ರೂಢಿಯಾಗಿರುವ ‘ಶ್ರೀಮಂತರು’ ಇಲ್ಲಿ ದಾರಿ ತಪ್ಪಿಸುತ್ತದೆ. ಸೊಂಟಕ್ಕೆ ಕತ್ತಿ ಕಟ್ಟುವ ಹಕ್ಕೂ ‘ತಾಯ್’ ಎಂಬ ತೆರಿಗೆಯಿಂದ ವಿನಾಯಿತಿಯೂ ಇದ್ದ ಮನೆತನದವನು ಕಾಸಿಗೆ ಪರದಾಡುತ್ತಿರಬಹುದಿತ್ತು. ಬೋರ್ಡೋ ಬಂದರಿನ ವರ್ತಕ ಅವನ ಹತ್ತರಷ್ಟು ಹಣವಿದ್ದೂ ಮೂರನೆಯ ವರ್ಗದಲ್ಲೇ ಉಳಿಯಬಹುದಿತ್ತು. ಚಿಲ್ಲರೆ ವ್ಯಾಪಾರಕ್ಕಿಳಿದ ಕುಲೀನನಿಗೆ ಪದವಿಯೇ ಕೈಬಿಡುವ ಅಪಾಯವಿತ್ತು. ಅಂಥವನನ್ನು ‘ಬಡ ಶ್ರೀಮಂತ’ ಎಂದು ಬರೆಯಲಾದೀತೇ? ಪೇಶ್ವೆಗಳಿಗೆ ‘ಶ್ರೀಮಂತ’ ಬಿರುದಾಗಿತ್ತೆಂಬುದು ನಿಜ, ಆದರೆ ಇಂದಿನ ಕನ್ನಡ ಕಿವಿಗೆ ಅದರಲ್ಲಿ ಕೇಳಿಸುವುದು ದುಡ್ಡು ಮಾತ್ರ.

‘ಸಾಮಂತ’ ಬೇಡ. ಸಾಮಂತನಿಗೆ ತನ್ನದೊಂದು ಸೀಮೆಯೂ ಮೇಲೊಬ್ಬ ಸಾರ್ವಭೌಮನೂ ಇರಬೇಕು; ಫ್ರೆಂಚ್ ರಾಜನ ಅರಮನೆಯಾದ ವರ್ಸೇಲ್ಸ್‌ನಲ್ಲಿ ಕೆಂಪು ಹಿಮ್ಮಡಿಯ ಪಾದರಕ್ಷೆ ಮೆಟ್ಟಿ ಓಡಾಡುತ್ತಿದ್ದ ಆಸ್ಥಾನಿಕನಿಗೆ ಆ ಪದ ಹೊಂದುವುದಿಲ್ಲ.

ಸಂಸ್ಕೃತದ ಸೋಂಕಿಲ್ಲದ ಪದವೆಂದು ‘ಅರಸುಗುಲದವರು’ ಸೂಚಿಸಿದ ಮಹನೀಯರು ಅದರ ಉತ್ತರಪದವನ್ನು ಒಮ್ಮೆ ನೋಡಬೇಕು: ‘ಕುಲ’ವೇ ಅಲ್ಲಿ ಗಕಾರ ತೊಟ್ಟು ಕುಳಿತಿದೆ. ಪೂರ್ವಪದವೂ ನಿರ್ವಿವಾದವಲ್ಲ; ‘ರಾಕ್ಷಸ’ ತಮಿಳಿನಲ್ಲಿ ‘ಅರಕ್ಕನ್’ ಆದಂತೆ ‘ರಾಜನ್’ ಎಂಬುದೇ ಆದಿಸ್ವರ ಪಡೆದು ‘ಅರಸ’ನಾಯಿತೆಂದು ವಾದಿಸುವ ವಿದ್ವಾಂಸರಿದ್ದಾರೆ. ಕ್ರಿ.ಶ. ಸುಮಾರು 450ರ ಹಲ್ಮಿಡಿ ಶಾಸನದಲ್ಲಿ ಬಾಳ್ಗಳ್ಚಾಗಿ (ಕತ್ತಿ ತೊಳೆದು ವೀರನಿಗೆ ಕೊಡುವ ದತ್ತಿಯಾಗಿ) ಹಳ್ಳಿಗಳನ್ನು ಪಡೆದ ವಿಜ ಅರಸ ನಾಡನ್ನಾಳಿದ ದೊರೆಯಲ್ಲ, ಪರಾಕ್ರಮ ಮೆರೆದ ವೀರ. ಆದ್ದರಿಂದ ‘ಅರಸ’ಕ್ಕೆ ಹಿಂದೆ ಅರ್ಥವ್ಯಾಪ್ತಿ ಹಿರಿದಾಗಿತ್ತೆಂಬ ಆ ಮಹನೀಯರ ಮಾತನ್ನು ಒಪ್ಪುತ್ತೇನೆ. ಆದರೆ ಇಂದು ಮೈಸೂರಿನ ಕಡೆ ‘ಅರಸು’ ಎಂದರೆ ಒಂದು ಸಮುದಾಯದ ಹೆಸರು. ಶುದ್ಧಿಯ ಹಟಕ್ಕಾಗಿ ಫಲಕದ ಓದುಗನನ್ನು ಗೊಂದಲಕ್ಕೆ ತಳ್ಳುವುದು ಸಲ್ಲದು.

‘ಕುಲೀನ’ದಲ್ಲೂ ಒಂದು ತೊಡಕಿದೆ: ಹಣ ಕೊಟ್ಟು ನ್ಯಾಯಾಂಗದ ಹುದ್ದೆ ಕೊಂಡು ಆ ವರ್ಗಕ್ಕೆ ಸೇರಿದವರೂ ಫ್ರಾನ್ಸಿನಲ್ಲಿದ್ದರು. ಆದರೂ ಕೊಂಡ ಪದವಿ ಕಾಲಕ್ರಮದಲ್ಲಿ ಮಕ್ಕಳಿಗೆ ಇಳಿದು ಬರುತ್ತಿದ್ದುದರಿಂದ ಪದ ತಾಳಿಕೊಳ್ಳುತ್ತದೆ. ಗಂಡಸರ ಉಡುಪಿನ ಚಿತ್ರದ ಕೆಳಗೆ ‘ಕುಲೀನ’, ಹೆಂಗಸರದರ ಕೆಳಗೆ ‘ಕುಲೀನೆ’ ಸಾಕು. 1790ರ ಜೂನ್ 19ರ ನಿರ್ಣಯಕ್ಕೆ ‘ವಂಶಪಾರಂಪರ್ಯ ಕುಲೀನ ಪದವಿ ರದ್ದು’ ಎಂದು ಬರೆಯಿರಿ. ಡ್ಯೂಕ್, ಮಾರ್ಕ್ವಿಸ್ ಮುಂತಾದವನ್ನು ಹಾಗೆಯೇ ಉಳಿಸಿ, ದಯವಿಟ್ಟು ಯಾರನ್ನೂ ‘ದೊರೆ’ ಮಾಡಬೇಡಿ.